ಭುಜದ ಗುಳಿ

“ಒಂದು ಹಾಕ್ಕೊಂಡು ನೋಡು, ‘ಇದರಲ್ಲೂ ನೋವು ಹೋಗ್ಲಿಲ್ಲ’ ಅನ್ನು, ಅಂಗಡಿಯವರು ಬರ್ಕೊಡ್ತಾರೆ, ನಡಿ ಮನೆಗೆ. ಇಷ್ಟೇ ನಮ್ಮ ಕೆಲಸ,” ಎಂದು ವಿಲ್ಮಾ ಟ್ರಯಲ್ ರೂಮಿನ ಪರದೆ ಎಳೆದು ಹೊರಗೆ ನಿಂತಳು. ಒಳಉಡುಪಿನ ಅಂಗಡಿಯ ಮಿಸೆಸ್ ಒರ್ಟೇಗಾ ಅಳತೆ ತೆಗೆದುಕೊಂಡು, ಅದಕ್ಕೆ ಹೊಂದುವ ಬ್ರಾ ಹುಡುಕಲು ಹೋಗಿದ್ದರು. ಒಳಗೆ ತಂಗಿ ಕಾರ್ಲೀನ್ ಹಳೆಯ ಬ್ರಾದ ಹುಕ್ಕು ಬಿಚ್ಚಿ, ಉಸ್ಸಪ್ಪಾ ಎಂದು ಸ್ಟೂಲಿನ ಮೇಲೆ ಕುಳಿತಳು. ಅವಳ ಎರಡೂ ಭುಜಗಳಲ್ಲಿ ಬೆರಳು ಕೂರುವಷ್ಟು ಆಳದ ಗುಳಿ ಬಿದ್ದಿತ್ತು.

ಕಾರ್ಲೀನ್ ಟೊಲೀಡೊ ನಗರದಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ಎದೆಯ ಭಾರಕ್ಕೆ ಕತ್ತು ಹಿಡಿಯುತ್ತದೆ, ಸ್ಟಿಯರಿಂಗ್ ಮೇಲಿನ ಬೆರಳು ಜೋಮು ಹಿಡಿಯುತ್ತವೆ. ಎದೆ ಚಿಕ್ಕದು ಮಾಡುವ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಆದರೆ ಖರ್ಚು ಕೊಡುವ ವಿಮಾ ಕಂಪನಿ ಒಪ್ಪಬೇಕಲ್ಲ! ಕಂಪನಿಯವರು ಮೊದಲು ಸರಿಯಾದ ಅಳತೆಯ ಬ್ರಾ ಹಾಕಿ ನೋಡಿ ಅಂದರು. ಅದರಲ್ಲೂ ನೋವು ಹೋಗಲಿಲ್ಲ ಎಂದು ಅಂಗಡಿಯವರಿಂದ ಬರೆಸಿಕೊಂಡು ಬನ್ನಿ ಅಂದರು. ಭುಜದ ಗುಳಿಯ ಫೋಟೊ ಬೇರೆ ಬೇಕಂತೆ. ನರಳಿದ್ದಕ್ಕೂ ಪುರಾವೆ ಕೇಳುವ ಜನ. ಇದೆಲ್ಲ ಶಾಲೆಗೆ ಬೇಸಿಗೆ ರಜೆ ಇರುವಾಗಲೇ ಮುಗಿಯಬೇಕು. ಇಲ್ಲವಾದರೆ ಇನ್ನೊಂದು ವರ್ಷ ಹೀಗೇ ಬಸ್ಸು ಓಡಿಸಬೇಕು.

ಮಿಸೆಸ್ ಒರ್ಟೇಗಾ ಹೊಸ ಬ್ರಾ ತಂದವರು ಹಳೆಯದನ್ನು ಎತ್ತಿ ಹಿಡಿದು ನೋಡಿದರು.

“ಈ ಸೈಜು ನಿಂಗೆ ಯಾವ ಪುಣ್ಯಾತ್ಮರು ಹೇಳಿದ್ರಮ್ಮ?”

“ಯಾರು ಹೇಳ್ತಾರೆ? ಮಾಲ್‌ನಲ್ಲಿ ನನಗಾಗೋ ಕಪ್ ಇರಲ್ಲ. ಅದಕ್ಕೇ ಸುತ್ತಳತೆ ದೊಡ್ಡದು ನೋಡಿ ತಗೊಂಡ್ಬಿಡ್ತೀನಿ.”

“ಇಲ್ಲಿಗೆ ಬರೋರೆಲ್ಲ ಮಾಡೋದು ಅದನ್ನೇ. ಬೆನ್ನಿನ ಪಟ್ಟಿ ಸಡಿಲ ಆಯ್ತು ಅಂದ್ರೆ ಭಾರ ಎಲ್ಲ ಭುಜಕ್ಕೆ ಬೀಳುತ್ತೆ. ಇದನ್ನ ಹಾಕ್ಕೊ. ಮುಂದಕ್ಕೆ ಬಗ್ಗಿ, ಕಂಕುಳ ಕಡೆಯಿಂದ ಎಲ್ಲ ಒಳಗೆ ಸೇರಿಸ್ಕೊ. ಆಮೇಲೆ ನೆಟ್ಟಗೆ ನಿಲ್ಲು.” ಹೇಳಿ, ಗಲ್ಲಾದ ಹತ್ತಿರ ಯಾರೋ ಕರೆದರೆಂದು ಅತ್ತ ಹೋದರು.

ಕಾರ್ಲೀನ್ ಹೇಳಿದಂತೆಯೇ ಮಾಡಿ ನೆಟ್ಟಗೆ ನಿಂತಳು. ಕೈ ಮೇಲೆತ್ತಿದಳು, ಇಳಿಸಿದಳು. ದೊಡ್ಡ ತಿರುವಿನಲ್ಲಿ ಬಸ್ಸು ತಿರುಗಿಸುವಾಗಿನಂತೆ ಎರಡೂ ಕೈ ಆಡಿಸಿ ನೋಡಿದಳು. ಭುಜದ ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ತೂರಿತು. ಅವಳಿಗೆ ನಂಬಿಕೆಯೇ ಬರಲಿಲ್ಲ.

“ಅಕ್ಕಾ, ಇಲ್ಲಿ ಬಾರೇ.”

ವಿಲ್ಮಾ ಪರದೆಯೊಳಗೆ ತಲೆ ಹಾಕಿದಳು. “ಏನೇ ಅದು?”

“ನೋಯ್ತಾ ಇಲ್ಲ ಕಣೇ. ಎಲ್ಲೂ ನೋಯ್ತಾ ಇಲ್ಲ. ಹಿಂದಿನಿಂದ ಯಾರೋ ಎತ್ತಿ ಹಿಡ್ಕೊಂಡ ಹಾಗಿದೆ.” ಹೇಳುತ್ತಿದ್ದಂತೆ ಅವಳಿಗೆ ಅಳು ಬಂತು. ಖುಷಿಗೇ ಬಂದ ಅಳು ಅದು, ನಿಲ್ಲಿಸಲು ಹೋದರೆ ಇನ್ನೂ ಜಾಸ್ತಿಯಾಯಿತು.

ವಿಲ್ಮಾ ಸರಕ್ಕನೆ ಒಳಗೆ ಬಂದು ಪರದೆ ಮುಚ್ಚಿದಳು. “ಬಾಯ್ಮುಚ್ಚು! ಆ ಯಮ್ಮಂಗೆ ಕೇಳಿಸಿದ್ರೆ ಮುಗೀತು ಕಥೆ. ಬಿಚ್ಚು ಮೊದಲು.”

“ಸ್ವಲ್ಪ ಹೊತ್ತು ಇರ್ಲಿ ಬಿಡೇ.”

“ಹುಚ್ಚಿ! ರಾತ್ರಿ ಬಿಚ್ಚಿ ಮಲಗ್ತೀಯಲ್ಲ, ಆಗೇನು ಮಾಡ್ತೀಯ? ಒಗೆದು ಒಗೆದು ಎಲಾಸ್ಟಿಕ್ ಜೋತು ಬೀಳುತ್ತಲ್ಲ, ಆಗ? ಕಂಪನಿಯವರು ಆಪರೇಷನ್ನಿಗೆ ಕೊಡ್ತಾರೆ, ನಿನ್ನ ಬಟ್ಟೆಗೆ ಕೊಡ್ತಾರಾ?”

“ಇದರಲ್ಲೇ ಆರಾಮ ಇದ್ರೆ ಆಪರೇಷನ್ ಯಾಕೆ ಬೇಕೇ?”

“ಅವರೂ ಅದನ್ನೇ ಕೇಳ್ತಾರೆ. ಅದಕ್ಕೇ ಹೇಳ್ತಿರೋದು, ಬಾಯ್ಮುಚ್ಚು ಅಂತ.”

ವಿಲ್ಮಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬ್ರಾ ಎಷ್ಟೇ ಚೆನ್ನಾಗಿದ್ದರೂ ಭಾರ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಹೊರುವ ಜಾಗ ಬದಲಾಗುತ್ತದೆ, ಅಷ್ಟೆ. ಅದು ಕಾರ್ಲೀನಳಿಗೂ ಗೊತ್ತಿತ್ತು. ಆದರೂ ಹುಕ್ಕು ಬಿಚ್ಚಲು ಅವಳಿಗೆ ಕೈ ಬರಲಿಲ್ಲ.

“ಒಳಗೆ ಬರ್ಲಾ?” ಎಂದು ಮಿಸೆಸ್ ಒರ್ಟೇಗಾ ಪರದೆ ಸರಿಸಿದರು. ಕೈಯಲ್ಲಿ ಕಂಪನಿಯವರಿಗೆ ಬರೆದುಕೊಡುವ ಕಾಗದವಿತ್ತು. ಬೆನ್ನಿನ ಪಟ್ಟಿ ಎಳೆದು ನೋಡಿದರು, ಕಪ್ಪಿನ ಅಂಚಿನ ಮೇಲೆ ಬೆರಳಾಡಿಸಿದರು. “ಆಹಾ, ನಿನಗೇ ಅಂತ ಹೊಲಿಸಿದ ಹಾಗಿದೆಯಲ್ಲಮ್ಮ!” ಎಂದವರು ಅವಳ ಮುಖ ನೋಡಿ ಗಾಬರಿಯಾದರು. “ಅಯ್ಯೋ, ಯಾಕೆ ಅಳ್ತಿದ್ದೀಯ? ಇದರಲ್ಲೂ ನೋಯ್ತಿದೆಯಾ?”

ವಿಲ್ಮಾ ತಾರಸಿ ನೋಡುತ್ತಾ ನಿಂತಳು.

“ನನ್ನ ಕಣ್ಣಿಗೇನೋ ಎಲ್ಲ ಸರಿಯಾಗೇ ಕಾಣ್ತಿದೆ. ಆದ್ರೆ ನಾನು ಕಂಡಿದ್ದನ್ನ ಬರಿಯೋ ಹಾಗಿಲ್ಲ, ನೀನು ಹೇಳಿದ್ದನ್ನೇ ಬರೀಬೇಕು,” ಎಂದು ಮಿಸೆಸ್ ಒರ್ಟೇಗಾ ಪೆನ್ನು ತೆಗೆದರು. “ಎಲ್ಲಿ ನೋವು, ತೋರ್ಸಮ್ಮ.”

ಕಾರ್ಲೀನ್ ಕಣ್ಣೊರೆಸಿಕೊಂಡು ಕನ್ನಡಿಯ ಕಡೆ ನೋಡಿದಳು. ಆಮೇಲೆ, ದೊಡ್ಡವಳಾದಂದಿನಿಂದ ಮೊದಲ ಸಲ ಹಗುರವಾಗಿದ್ದ ಭುಜದ ಮೇಲೆ ಬೆರಳಿಟ್ಟು, “ಇಲ್ಲಿ,” ಅಂದಳು.