ಕೆಂಪು ಬಕೆಟ್

"ಅಪ್ಪಾ, ಫ್ಯೂಸ್ ಕೆಲಸ ಮಾಡ್ತದಾ ನೋಡ್ಲಿಕ್ಕೆ ಬೇಕಂತಲೇ ಶಾರ್ಟ್ ಸರ್ಕ್ಯೂಟ್ ಮಾಡ್ತೇನೆ!" ಶರ್ಮಿಳಾ ಫಾಗ್ ಲ್ಯಾಂಪಿಗೆಂದು ಎಳೆದ ಹೊಸ ವೈರಿನ ತುದಿಯನ್ನು ಮುದಿ ಫಿಯೆಟ್ ಕಾರಿನ ಕಬ್ಬಿಣದ ಮೈ ಹತ್ತಿರ ತಂದಳು. ಸರ್ವೋತ್ತಮರು ಹೌಸಿಂಗ್ ಸೊಸೈಟಿಯವರು ಬೆಂಕಿ ನಂದಿಸಲು ಇಟ್ಟಿದ್ದ ಮರಳಿನ ಕೆಂಪು ಬಕೆಟ್ ಎತ್ತಿ ಹಿಡಿದರು. "ಬೇಡ ಮಾರಾಯ್ತಿ! ಮೂವತ್ತು ವರ್ಷದ ಗಾಡಿ, ಸುಟ್ಟು ಬೂದಿಯಾದೀತು!"

ಚಟ್! ಒಂದೇ ಕಿಡಿ. ಹೊಗೆಯಿಲ್ಲ, ವಾಸನೆಯಿಲ್ಲ. ಬ್ಯಾಟರಿಯ ಪಕ್ಕ ತಾನೇ ಕೂರಿಸಿದ್ದ ಫ್ಯೂಸನ್ನು ಮಗಳು ಕಿತ್ತು ತೋರಿಸಿದಳು. ಒಳಗಿನ ಎಳೆಯಷ್ಟೇ ಕರಗಿತ್ತು. "ನೋಡಿ, ಇದು ಸತ್ತಿತು, ಗಾಡಿ ಉಳಿಯಿತು." ಸರ್ವೋತ್ತಮರಿಗೆ ನಂಬಿಕೆ ಬರಲಿಲ್ಲ. ಬಕೆಟ್ ಹಿಡಿದೇ ಕಿಟಕಿಯೊಳಗೆ ಕೈ ಹಾಕಿ ಹಾರ್ನ್ ಒತ್ತಿದರು. ಇಡೀ ಸೊಸೈಟಿ ಬೆಚ್ಚಿಬಿತ್ತು.

ಅವರು ಬಕೆಟನ್ನು ದಡಕ್ಕನೆ ಕೆಳಗಿಟ್ಟು ವೈರಿಗೆ ಕೈ ಚಾಚಿದರು. "ಇನ್ನೊಂದು ಫ್ಯೂಸ್ ಹಾಕು. ಈ ಸಲ ನಾನು ಮುಟ್ಟಿಸ್ತೇನೆ!"