ಸೆರಗಿಲ್ಲದ ಮಧ್ಯಾಹ್ನ

"ನಮ್ಮ ವಂಶದಲ್ಲೇ ಎಸ್ಸೆಸ್ಸೆಲ್ಸಿ ದಾಟಿದೋರಿಲ್ಲ, ಇವಳೆಲ್ಲಿ ಡಿಗ್ರಿ ಮಾಡ್ತಾಳೆ?" ಎಂದವರು ನನ್ನ ಸೋದರತ್ತೆ. ಬಿಸಿ ಬನ್ನಿನ ಮೇಲೆ ಬೆಣ್ಣೆ ಕರಗುವ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನವೇ ಎದುರಿಗೆ ನಿಲ್ಲುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯಲ್ಲಿ ಅತ್ತೆಯ ಮನೆಯಲ್ಲಿದ್ದೆವು. ನನ್ನನ್ನು ಮೈಸೂರಿನ ಅಜ್ಜಿಯ ಬಳಿಗೆ ಕಳಿಸುವುದೆಂದು ಅತ್ತೆ ತೀರ್ಮಾನಿಸಿ, ಸೂಟ್‌ಕೇಸು ಕೊಳ್ಳಲು ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಕರೆತಂದಿದ್ದರು. ಆಮೇಲೆ ಮೇಲಿನ ಮಹಡಿಯಲ್ಲಿ, ಬಣ್ಣದ ಗಾಜಿನ ಗುಮ್ಮಟದ ಕೆಳಗಿದ್ದ ರೆಸ್ಟೋರೆಂಟಿನಲ್ಲಿ ಊಟಕ್ಕೆ ಕೂತೆವು. ಹೊಸ ಸೂಟ್‌ಕೇಸು ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ಅತ್ತಿಗೆ, ಅವಳನ್ನ ನನ್ನಿಂದ ದೂರ ಮಾಡ್ಬೇಡಿ. ಇಲ್ಲೇ ಓದ್ಲಿ," ಎಂದಳು ಅಮ್ಮ. ಸೆರಗೊಡ್ಡಿ ಬೇಡಲು ಅವಳ ಕೈ ಹೆಗಲಿಗೆ ಹೋಯಿತು. ಆದರೆ ಅಂದು ತೊಟ್ಟಿದ್ದು ಪ್ಯಾಂಟು, ಶರ್ಟು. ತೊಡೆಯ ಮೇಲಿದ್ದ ಬಿಳಿ ನ್ಯಾಪ್ಕಿನ್ನನ್ನೇ ಎರಡೂ ಕೈಯಲ್ಲಿ ಹರಡಿ ಅತ್ತೆಯ ಮುಂದೆ ಒಡ್ಡಿದಳು. ಬೆಣ್ಣೆ ಸವರಿದ ಬಿಸಿ ಬನ್ನಿನ ಬುಟ್ಟಿ ಹಿಡಿದು ಬಂದ ವೇಟರು, ಬನ್ನು ಕೇಳುತ್ತಿದ್ದಾಳೆಂದುಕೊಂಡು, ನಗುತ್ತ ಅದರಲ್ಲೊಂದನ್ನು ಹಾಕಿ ಹೋದ. ಬೆಣ್ಣೆ ಬಟ್ಟೆಗೆಲ್ಲ ಇಳಿಯಿತು. ಅಮ್ಮ ಕೈ ಇಳಿಸಲಿಲ್ಲ.

"ಎಲ್ಲಾರೂ ನೋಡ್ತಿದಾರೆ, ಕೈ ಇಳಿಸೇ ಮಾರಾಯ್ತಿ!" ಎಂದ ಅತ್ತೆ, ನನ್ನತ್ತ ತಿರುಗಿ, "ಆಯ್ತು, ಸೂಟ್‌ಕೇಸು ಅಂಗಡೀಗೆ ವಾಪಸ್ ಕೊಡು," ಎಂದರು.

ಪಕ್ಕದೂರು ಹೇವರ್ಡಿನ ಕಾಲೇಜಿನಲ್ಲಿ ನನ್ನ ಡಿಗ್ರಿ ಮುಗಿದ ದಿನ ಸರ್ಟಿಫಿಕೇಟನ್ನು ಅಮ್ಮನತ್ತ ಚಾಚಿದೆ. ಅವಳು ರೇಷ್ಮೆ ಸೀರೆಯ ಸೆರಗು ಹರಡಿದಳು.

"ಕೈಗೆ ಬೇಡ ಪುಟ್ಟಿ, ಇಲ್ಲಿ ಹಾಕು."