ಆರನೆಯ ಕಾಯಿ

“ಐದು ಸಾವಿರಕ್ಕ ನಾ ಒಲ್ಲೆರಿ,” ಎಂದಳು ಹನಮವ್ವ.

ಕುಬೇರಪ್ಪ ಬಾಯೊಳಗಿನ ಎಲೆ ಅಡಿಕೆ ಅಗಿಯುವುದನ್ನೇ ಮರೆತ. ಮುಚ್ಚಿದ ತನ್ನ ವರ್ಕ್‌ಶಾಪಿನ ಮಶೀನುಗಳಿಗೆಲ್ಲ ಸೇರಿಸಿ ಅವನು ಹೇಳಿದ್ದೇ ಐದು ಸಾವಿರ. ಗುಜರಿಯವನು ನಾಲ್ಕರ ಮೇಲೆ ಏರಿರಲಿಲ್ಲ.

“ಯಾಕಬೇ, ಹೆಚ್ಚಾತೇನು?”

“ಕಡಿಮಿ ಆತ್ರಿ, ಸಾವಕಾರ್ರ. ಒಂದೊಂದಕ್ಕೂ ಬ್ಯಾರೆ ಬ್ಯಾರೆ ರೇಟು ಹಚ್ಚರಿ. ನ್ಯಾಯವಾಗಿ ಎಷ್ಟ ಆಗತೈತಿ, ಅಷ್ಟೂ ಕೊಡ್ತೇನಿ.”

ಕಟ್ಟೆಯ ಮೇಲೆ ಕೂತಿದ್ದ ನಾಲ್ವರು ಹೋ ಎಂದು ನಕ್ಕರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಊರು ಅದು. ಕೊಳ್ಳುವವಳೇ ರೇಟು ಏರಿಸುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. “ಗಂಡನ ಪಾಪ ತೊಳ್ಯಾಕ ಬಂದಾಳ ನೋಡ್ರಲೇ,” ಎಂದನೊಬ್ಬ, ಆಕೆಗೆ ಕೇಳಲೆಂದೇ.

ಮೂರು ವರ್ಷದಿಂದ ಆಕೆ ಕೇಳುತ್ತಲೇ ಇದ್ದಳು. ಆಕೆಯ ಗಂಡ ಗುಡದಪ್ಪ ಈ ವರ್ಕ್‌ಶಾಪಿನ ಮಿಸ್ತ್ರಿ. ಅವರ ಮನೆ ಶೆಡ್ಡಿನ ಹಿಂದಿನ ಗೋಡೆಗೇ ಹತ್ತಿಕೊಂಡಿತ್ತು. ಹನ್ನೆರಡು ವರ್ಷ ದುಡಿದವನು, ಒಂದು ಯುಗಾದಿಗೆ, ನಂದೇ ಒಂದು ಶೆಡ್ಡು ಹಾಕುತ್ತೇನೆ ಎಂದು ಬಾಯಿಬಿಟ್ಟ. ಎಂಟು ದಿನಕ್ಕೆ ವರ್ಕ್‌ಶಾಪಿನಲ್ಲಿ ಕಳವಾಯಿತೆಂದು ಪೊಲೀಸರು ಬಂದು ಅವನನ್ನೇ ಎಳೆದೊಯ್ದರು. ಮಾಲು ಸಿಗಲಿಲ್ಲ, ಕೇಸು ಮುಗಿಯಲಿಲ್ಲ. ಕಳ್ಳನಿಗೆ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಕೆಲಸ ಕೊಡಲಿಲ್ಲ. ಲೇಥು ಆಡಿಸಿದ ಕೈ ಈಗ ಅಳ್ನಾವರದಲ್ಲಿ ಮರದ ದಿಮ್ಮಿ ಹೊರುತ್ತಿತ್ತು. ತಾರೀಖಿಗೆ ಕೋರ್ಟಿಗೆ ಬರುತ್ತಿದ್ದ, ಊರಿಗೆ ಮಾತ್ರ ಬರುತ್ತಿರಲಿಲ್ಲ.

ಅವನು ತಲೆ ಎತ್ತಿಕೊಂಡು ಊರಿಗೆ ಬರಬೇಕು, ಹನಮವ್ವನಿಗೆ ಬೇಕಿದ್ದದ್ದು ಅಷ್ಟೇ. ಅದಕ್ಕಾಗಿ ಎರಡು ಎಮ್ಮೆ ಮಾರಿದ್ದಳು. ತವರಿನವರು ಹಾಕಿದ ಬಂಗಾರದ ಬೋರಮಾಳವನ್ನೂ ಮಾರಿದ್ದಳು.

ರೇಟು ಹಚ್ಚಲು ಗುಡಗೇರಿಯ ಬಾಷಾಸಾಬ ಮಿಸ್ತ್ರಿಯನ್ನು ಕರೆತಂದಿದ್ದಳು. ಇಬ್ಬರೂ ಶೆಡ್ಡಿನೊಳಗೆ ಹೋದರು. ಕುಬೇರಪ್ಪ ಹೋಗಲಿಲ್ಲ. ಹನಮವ್ವ ನಿಂತ ಸೂರಿನಡಿ ಅವನು ಕಾಲಿಡುವವನಲ್ಲ. ಗುಡದಪ್ಪನಿಂದ ಹನ್ನೆರಡು ವರ್ಷ ಕೆಲಸ ಮಾಡಿಸಿದ್ದೂ ಬಾಗಿಲಲ್ಲಿ ನಿಂತೇ.

ಬಾಷಾಸಾಬ ಒಂದೊಂದನ್ನೂ ತಿರುಗಿಸಿ ನೋಡಿದ, ಒರೆಸಿದ, ಬರೆದುಕೊಂಡ. ಲೇಥು, ಮೋಟಾರು, ವೆಲ್ಡಿಂಗ್ ಸೆಟ್ಟು, ಗ್ರೈಂಡರು, ಬ್ಲೋವರು. ದಸರೆ ಮುಗಿದು ಎಂಟು ದಿನ. ಖಂಡೆಪೂಜೆಯ ವಿಭೂತಿ ಕುಂಕುಮ ಅವುಗಳ ಮೇಲೆ ಇನ್ನೂ ಅಳಿಸಿರಲಿಲ್ಲ.

“ಐದಾದವು. ಏಳೂವರೆ ಸಾವಿರ,” ಎಂದ.

“ಆರು,” ಎಂದಳು ಹನಮವ್ವ, ಹೊರಗೆ ಕೇಳುವಂತೆ. “ಸಾವಕಾರ್ರು ಖಂಡೆಪೂಜಿಗೆ ಆರು ಕಾಯಿ ಒಡದಾರ. ಗ್ವಾಡಿ ಆಚೆ ಕುಂತು ಎಣಿಸೇನಿ.”

ಮಶೀನಿಗೊಂದು ಕಾಯಿ ಎನ್ನುವುದು ಕುಬೇರಪ್ಪನ ಮನೆತನದ ಪದ್ಧತಿ. ಪೂಜೆ ತಪ್ಪಿಸಿದ ಕಬ್ಬಿಣ ಒಡೆಯನ ರಕ್ತ ನೋಡುತ್ತದೆ ಎಂದು ನಂಬಿದ ಮನೆ. ಅವನು ದೇವರಿಗೆ ಬಿಟ್ಟರೆ ಇನ್ನಾರಿಗೂ ಹೆದರಿದವನಲ್ಲ.

ಕುಬೇರಪ್ಪ ಬಾಯೊಳಗಿನ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿದ.

“ಮೂಲ್ಯಾಗ ಒಂದು ಹಳೇ ಡ್ರಿಲ್ಲೈತಿ. ಅದು ಕೊಡೂದಲ್ಲ, ಬಿಡು.”

“ಹಂಗಾದ್ರ ಉಳದ ಐದೂ ಬ್ಯಾಡ್ರಿ. ಬಾಷಾಕಾಕಾ, ನಡೀರಿ, ಹೋಗೂಣು.”

ಏಳೂವರೆ ಸಾವಿರ ಎದ್ದು ಹೊರಟಿತ್ತು. ನಾಲ್ವರೂ ಕುಬೇರಪ್ಪನ ಮುಖವನ್ನೇ ನೋಡುತ್ತಿದ್ದರು.

“ನಿಂದ್ರಬೇ. ಒಯ್ಯಿ, ಅದನ್ನೂ ಒಯ್ಯಿ. ಅದಕ್ಕ ರೊಕ್ಕ ಬ್ಯಾಡ, ಪುಕ್ಕಟೆ ಒಯ್ಯಿ.”

ಹನಮವ್ವನಿಗೆ ರೇಗಿತು. ಮೂರು ವರ್ಷದ ಸಿಟ್ಟೆಲ್ಲ ನಾಲಗೆಗೆ ಬಂತು. ಆದರೂ ದನಿ ಏರಿಸಲಿಲ್ಲ.

“ಪುಕ್ಕಟೆ ಒಯ್ದ್ರ ನಾಳೆ ಅದನ್ನೂ ಕದ್ದಾರ ಅಂತೀರಿ. ರೇಟು ಹಚ್ಚರಿ, ಕಾಗದದಾಗ ಬರೀರಿ. ನಾವು ಪುಕ್ಕಟೆ ತಿನ್ನಾವ್ರಲ್ಲ.”

ಬಾಷಾಸಾಬ ಮೂಲೆಯ ಗೋಣಿಚೀಲ ಸರಿಸಿದ. ಹಳೆಯ ಡ್ರಿಲ್ಲಿಗೆ ನೀಲಿ ಬಣ್ಣ ಮಾತ್ರ ಹೊಸದು. ಬುಡದಲ್ಲಿ ಕುಳಿತು ಉಳಿಯಿಂದ ಬಣ್ಣ ಕೆರೆದು, ಉಳಿದವುಗಳ ಹಾಗೆಯೇ ಅದರ ನಂಬರನ್ನೂ ಬರೆದುಕೊಂಡ. ಹನಮವ್ವನಿಗೆ ಅಕ್ಷರ ಬಾರದು. ಆದರೆ ಹತ್ತಿ ಪೇಟೆಯಲ್ಲಿ ತೂಕಕ್ಕೆ ನಿಂತವಳು, ಅಂಕಿ ಬರುತ್ತಿತ್ತು. ಬಗ್ಗಿ ನೋಡಿ ತುಟಿಯೊಳಗೇ ಓದಿಕೊಂಡಳು: ನಾಲ್ಕು, ನಾಲ್ಕು, ಒಂದು, ಏಳು.

“ಒಂಬೈನೂರು ನ್ಯಾಯ,” ಎಂದ ಬಾಷಾಸಾಬ. ಒಟ್ಟು ಎಂಟು ಸಾವಿರದ ನಾನೂರು.

ಆಕೆ ನೋಟುಗಳನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಸೂರಿಗಿದ್ದ ಮೈಲಿಗೆ ರೊಕ್ಕಕ್ಕಿರಲಿಲ್ಲ. ಕುಬೇರಪ್ಪ ಬೆರಳಿಗೆ ಉಗುಳು ಹಚ್ಚಿಕೊಂಡು ಎಣಿಸತೊಡಗಿದ. ಬಾಷಾಸಾಬ ಛಾಪಾ ಕಾಗದ ಬಿಚ್ಚಿ ಆರೂ ಮಶೀನಿನ ಹೆಸರು, ನಂಬರು, ರೇಟು ಓದುತ್ತ ಬರೆದ.

“ಇವು ಆರೂ ನಿಮ್ಮವ ಹೌದಲ್ರಿ?” ಎಂದಳು ಹನಮವ್ವ. “ನಾಳೆ ಮತ್ಯಾರರ ಬಂದು ನಮ್ಮವು ಅನಬಾರದು.”

“ನಮ್ಮವಲ್ದ ಯಾರವು?” ಕುಬೇರಪ್ಪ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಹಿಡಿದ. “ತಂದ ದಿನದಿಂದ ಒಂದೂ ಈ ಶೆಡ್ಡು ಬಿಟ್ಟು ಹೊರಗ ಹೋಗಿಲ್ಲ.”

“ಅದನ್ನೂ ಬರೀರಿ, ಕಾಕಾ.”

ಕುಬೇರಪ್ಪ ಮೊತ್ತವನ್ನಷ್ಟೇ ನೋಡಿ ಸಹಿ ಹಾಕಿದ. ನಕ್ಕಿದ್ದವರಲ್ಲಿ ಇಬ್ಬರು ಸಾಕ್ಷಿ ಹಾಕಿದರು. ಮೂರು ಸಾವಿರದ ನಾನೂರು ಮಣ್ಣಿಗೆ ಸುರಿದಳು ಹುಚ್ಚಿ ಎಂದು ಆಮೇಲೆ ಮತ್ತೆ ನಕ್ಕರು.

“ಗುಡದಪ್ಪ ಊರಿಗೆ ಬರ್ತಾನೇನವ್ವ?” ಎಂದು ಕೇಳಿದ ಬಾಷಾಸಾಬ, ಹೊರಡುವಾಗ.

“ಸೋಮವಾರ ತಾರೀಖೈತಿ. ಅಲ್ಲಿಂದ ಸೀದಾ ಕರಕೊಂಡ ಬರ್ತೇನಿ.”

ಮನೆಗೆ ಬಂದು ಟ್ರಂಕು ತೆರೆದಳು. ಸೀರೆಗಳ ಅಡಿಯಿಂದ, ವಕೀಲರು ಕೊಟ್ಟಿದ್ದ ಹಳೆಯ ಕಾಗದವೊಂದನ್ನು ತೆಗೆದು ಹೊಸದರ ಬಾಜು ಹಾಸಿದಳು. ಕೆಳಗೆ ಕುಬೇರಪ್ಪನದೇ ಸಹಿ. ಆಕೆಯ ಬೆರಳು ಎರಡರ ಮೇಲೂ ಒಂದೇ ಅಂಕಿಯ ಹತ್ತಿರ ಬಂದು ನಿಂತಿತು.

ಅದು ಮೂರು ವರ್ಷದ ಹಿಂದಿನ ಪೊಲೀಸ್ ಫಿರ್ಯಾದಿನ ಪ್ರತಿ: ‘ಗುಡದಪ್ಪನು ಕದ್ದೊಯ್ದ ಮಾಲು, ಡ್ರಿಲ್ ಮಶೀನು ಒಂದು, ನಂಬರು ೪೪೧೭.’